ಆಯುಷ್ಯ ಅಷ್ಟೇ ಇತ್ತೇ?

ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ನಾನು ಸ್ಟಾಫ್ ನರ್ಸ್. ಎದೆನೋವಿನವರು ಬಂದರೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ಆ ಗಡಿಬಿಡಿಯಲ್ಲೇ ಯಾರಾದರೊಬ್ಬರು ಅನ್ನುತ್ತಾರೆ: ‘ಆಯಸ್ಸು ಗಟ್ಟಿ ಇದ್ರೆ ಉಳೀತಾರೆ ಬಿಡಿ ಸಿಸ್ಟರ್.’ ದಿನಾ ದೇವರಿಗೆ ದೀಪ ಹಚ್ಚುವ ನನಗೆ ಈ ಮಾತಿನ ಜೊತೆ ಜಗಳವಿದೆ.

ಒಂದು ಸೋಮವಾರ ಅಡಿಕೆ ಬೆಳೆಗಾರರೊಬ್ಬರನ್ನು ಕರೆತಂದರು. ಬೆಳಗ್ಗೆ ಏಳಕ್ಕೇ ನೋವು ಶುರುವಾಗಿದೆ. ಗ್ಯಾಸ್ಟ್ರಿಕ್ ಅಂತ ಈನೋ, ಜೀರಿಗೆ ಕಷಾಯ. ಬೆವರಿಗೆ ಅಂಗಿ ತೊಯ್ದ ಮೇಲೂ, ಏಳೂವರೆಯಿಂದ ಒಂಬತ್ತು ರಾಹುಕಾಲ, ಕಳೆಯಲಿ ಎಂದು ಕಾದಿದ್ದಾರೆ. ಆಸ್ಪತ್ರೆಯ ಮೆಟ್ಟಿಲನ್ನೂ ಅವರೇ ಹತ್ತಿ ಬಂದರು. ರಕ್ತ ಸಿಗದ ಹೃದಯಕ್ಕೆ ಇನ್ನಷ್ಟು ದುಡಿಮೆ. ರಕ್ತನಾಳ ಮುಚ್ಚಿಕೊಂಡರೆ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಆಸ್ಪಿರಿನ್ ಅಗಿಸಿದೆವು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಕೊಟ್ಟೆವು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆ 2023ರಲ್ಲಿ ಬಂದ ಮೇಲೆ ಈ ದುಬಾರಿ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಗಳಲ್ಲೂ ಉಚಿತ. ಸಂಜೆ ಅವರು ತೀರಿಕೊಂಡರು. ‘ಅಪ್ಪನ ಆಯಸ್ಸು ಅಷ್ಟೇ ಇತ್ತು’ ಎಂದ ಮಗನಿಗೆ ಹೌದಪ್ಪ ಎಂದೆ. ಮನೆಗೆ ಹೆಣ ಒಯ್ಯುವವನಿಗೆ ಆ ಮಾತು ಬೇಕು. ಉಸಿರಾಡುತ್ತಿರುವವರ ಮುಂದೆ ಮಾತ್ರ ಅದನ್ನು ಆಡಬಾರದು.

ಆಯುರ್ವೇದದ ಚರಕಸಂಹಿತೆಯ ವಿಮಾನಸ್ಥಾನವೆಂಬ ಭಾಗದಲ್ಲಿ ಶಿಷ್ಯ ಅಗ್ನಿವೇಶ ಇದನ್ನೇ ಕೇಳುತ್ತಾನೆ: ಆಯುಷ್ಯ ಮೊದಲೇ ನಿಗದಿಯೇ? ಗುರು ಆತ್ರೇಯ ದೈವವನ್ನು ಅಲ್ಲಗಳೆಯುವುದಿಲ್ಲ. ದೈವವೂ ಪುರುಷಪ್ರಯತ್ನವೂ ಕೂಡಿದರೆ ಆಯುಷ್ಯ. ಎಲ್ಲ ನಿಗದಿಯಾಗಿದ್ದರೆ ಔಷಧಿ, ಮಂತ್ರ, ಹೋಮ ಯಾತಕ್ಕೆ ಎನ್ನುತ್ತಾನೆ. ಗಾಡಿಯ ಅಚ್ಚು ತನ್ನ ಕಾಲಕ್ಕೆ ಸವೆದು ಹೋಗುವುದು ಒಂದು ಬಗೆ, ಹೊರೆ ಹೆಚ್ಚಾಗಿ ನಡುದಾರಿಯಲ್ಲಿ ಮುರಿಯುವುದು ಇನ್ನೊಂದು, ಎರಡನೆಯದೇ ಅಕಾಲಮರಣ. ದೇವಸ್ಥಾನದಲ್ಲಿ ತೀರ್ಥ ಕೊಡುವಾಗ ಅರ್ಚಕರು ಬೇಡುವುದೂ ಅಕಾಲಮೃತ್ಯು ತಪ್ಪಲಿ ಎಂದೇ. ತಪ್ಪಿಸಲು ಆಗದ್ದನ್ನು ದಿನಾ ಯಾರಾದರೂ ಬೇಡುತ್ತಾರೆಯೇ?

ಹಣೆಬರಹವನ್ನು ನಂಬುವುದಕ್ಕೆ ನನ್ನ ತಕರಾರಿಲ್ಲ. ಅದನ್ನು ಓದಿಬಿಟ್ಟವರ ಹಾಗೆ ಮನೆಯಲ್ಲಿ ಕೂತರೆ ಅದು ಭಕ್ತಿಯಲ್ಲ, ದೇವರ ಕೆಲಸಕ್ಕೆ ಕೈ ಹಾಕುವ ಅಹಂಕಾರ. ಬರೆದದ್ದೇನೆಂದು ರಾಹುಕಾಲಕ್ಕೂ ಗೊತ್ತಿಲ್ಲ, ನನ್ನ ಇಸಿಜಿಗೂ ಗೊತ್ತಿಲ್ಲ. ಯಾರಿಗಾದರೂ ಎದೆ ಹಿಂಡಿದಂತಾಗಿ, ಎಡಗೈ ಭಾರವಾಗಿ, ಮೈ ಬೆವತರೆ 108ಕ್ಕೆ ಫೋನ್ ಮಾಡಿ, ಅವರನ್ನು ಒರಗಿಸಿ ಕೂರಿಸಿ, ಒಂದು ಹೆಜ್ಜೆಯೂ ನಡೆಸಬೇಡಿ. ಧರ್ಮಸ್ಥಳಕ್ಕೋ ತಿರುಪತಿಗೋ ಹರಕೆಯನ್ನು ಆಂಬುಲೆನ್ಸ್‌ನಲ್ಲಿ ಕೂತೂ ಹೊರಬಹುದು. ಮಾನಿಟರ್ ವೈರು ಅಂಟಿಸುತ್ತಾ ನಾನೂ ಒಂದು ಹೊರುತ್ತೇನೆ.