ಅಟ್ಟದಲ್ಲಿ ಸಿಕ್ಕ ತೊಗಲು



ಬೇರಿಕೆಯ ಭಕ್ತರೊಬ್ಬರ ಹಳೆಯ ಮನೆಯ ಹೆಂಚು ಇಳಿಸುವಾಗ ಅಟ್ಟದಲ್ಲಿ ಒಂದು ತೊಗಲಿನ ವಸ್ತು ಸಿಕ್ಕಿತು. ಮೂರು ಮೊಳ ಉದ್ದ, ಎರಡು ಕಡೆಯೂ ಬಾಯಿ. ಒಂದು ಬಾಯಿ ದೊಡ್ಡದು, ಅದರ ಅಂಚಿನ ಸುತ್ತ ಹೊಲಿಗೆಯ ತೂತುಗಳು. ಇನ್ನೊಂದು ಕಿರಿದು, ಅಲ್ಲಿ ಬಾರಿನದೊಂದು ಕುಣಿಕೆ. ಒಣಗಿ ಸೌದೆಯಂತಾಗಿತ್ತು. ಬೇರಿಕೆ ಪಾಳೆಯಗಾರರಿದ್ದ ಊರಾದ್ದರಿಂದ ಇದು ಬತ್ತಳಿಕೆಯೇ ಸರಿ ಎಂದರು ಕೆಲವರು. ತಳವಿಲ್ಲದ ಬತ್ತಳಿಕೆಯಲ್ಲಿ ಬಾಣ ನಿಲ್ಲುವುದು ಹೇಗೆಂದು ಯಾರೂ ಕೇಳಲಿಲ್ಲ! ಹಿಂದೆ ಈ ದಾರಿಯಲ್ಲಿ ಸಂಚರಿಸಿದ ಯಾರೋ ಜಂಗಮರು ತಾಡೋಲೆಯ ಕಟ್ಟು ಇಟ್ಟುಕೊಳ್ಳುತ್ತಿದ್ದ ಚೀಲ ಎಂದರು ಇನ್ನು ಕೆಲವರು. ಈ ಎರಡನೆಯ ಮಾತೇ ಗೆದ್ದಿತು. ವಸ್ತುವಿಗೆ ವಿಭೂತಿ ಹಚ್ಚಿ, ಪಡಸಾಲೆಯ ಗೂಡಿನಲ್ಲಿಟ್ಟು, ಹೂ ಏರಿಸಿದ್ದರು. ನಮ್ಮನ್ನು ಕರೆದು ತೋರಿಸಿದ್ದು ಆಗಲೇ.

ತೊಗಲಿನ ಮಾತನ್ನು ತೊಗಲು ಬಲ್ಲವರಲ್ಲಿ ಕೇಳಬೇಕಲ್ಲವೇ? ಊರಲ್ಲಿ ಆ ಕಸುಬಿನ ಮನೆತನದ ಹಿರಿಯರು ಯಾರಿದ್ದಾರೆಂದು ವಿಚಾರಿಸಿ ಕರೆಸಿದೆವು. ಎಂಬತ್ತರ ಹತ್ತಿರದ ಆ ಹಿರಿಯರು ಜಗಲಿಯ ಕೆಳಗೇ ನಿಂತರು. ಎರಡು ಸಾರಿ ಕರೆದ ಮೇಲೆ ಮೆಟ್ಟಿಲು ಹತ್ತಿದರು. ವಸ್ತುವನ್ನು ಕೈಗೆ ತೆಗೆದುಕೊಂಡು, ಒಳಗೆ ಕೈಯಾಡಿಸಿ, ಹೊಲಿಗೆಯನ್ನು ಬೆರಳಿನಿಂದ ಸವರಿ, "ಇದು ಕಪಿಲೆ ಸೊಂಡಿಲು ಬುದ್ಧೀ, ಇಂಥವನ್ನು ನಮ್ಮಪ್ಪ ಹೊಲೀತಿದ್ರು" ಎಂದರು.

ಈಗಿನ ಹುಡುಗರಿಗೆ ಕಪಿಲೆಯ ಹೆಸರೇ ಹೊಸದು. ತಮಿಳಿನವರು ಕವಲೈ ಎನ್ನುವುದೂ ಇದನ್ನೇ. ಬಾವಿಯ ದಡದಲ್ಲಿ ಕಂಬ ನೆಟ್ಟು ಮೇಲೊಂದು ರಾಟೆ, ಕೆಳಗೆ ಬಾವಿಯ ಬಾಯಿಗೆ ಸಮನಾಗಿ ಒಂದು ಉರುಳೆ ಕೂರಿಸುತ್ತಿದ್ದರು. ನೂರು ಲೀಟರಿಗೂ ಮೇಲ್ಪಟ್ಟು ನೀರು ಹಿಡಿಯುವ ಬಾನಿಯ ತಳಕ್ಕೆ ಈ ಸೊಂಡಿಲನ್ನು ಹೊಲಿದಿರುತ್ತಿತ್ತು. ಬಾನಿಗೆ ಕಟ್ಟಿದ ದಪ್ಪ ಮಿಣಿ ರಾಟೆಯ ಮೇಲೆ, ಸೊಂಡಿಲಿನ ತುದಿಗೆ ಕಟ್ಟಿದ ಸಣ್ಣ ಹಗ್ಗ ಉರುಳೆಯ ಮೇಲೆ ಹಾದು, ಎರಡೂ ಎತ್ತಿನ ನೊಗಕ್ಕೆ ಸೇರುತ್ತಿದ್ದವು. ಬಾನಿ ಬಾವಿಯೊಳಗಿರುವಾಗ ಸಣ್ಣ ಹಗ್ಗ ಸೊಂಡಿಲನ್ನು ಮೇಲಕ್ಕೆ ಮಡಚಿ ಹಿಡಿದಿರುತ್ತದೆ. ತುದಿ ಬಾನಿಯ ಬಾಯಿಯ ಮಟ್ಟಕ್ಕೆ ಇರುವುದರಿಂದ ನೀರು ಚೆಲ್ಲದು. ಎತ್ತು ಇಳಿಜಾರಿನಲ್ಲಿ ಇಳಿದಂತೆ ಬಾನಿ ರಾಟೆಯತ್ತ ಏರುತ್ತದೆ, ಸೊಂಡಿಲು ಉರುಳೆಯ ಮೇಲೆ ಹೊರಚಾಚುತ್ತದೆ, ನೀರೆಲ್ಲ ತೊಟ್ಟಿಗೆ ಸುರಿಯುತ್ತದೆ. ಬಾನಿ ಬಗ್ಗಿಸಲು ಇನ್ನೊಬ್ಬ ಆಳು ಬೇಡ. ಓದು ಬರಹವಿಲ್ಲದವರು ಕಂಡುಕೊಂಡ ಉಪಾಯವಿದು! 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನು 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಗ್ರಂಥದಲ್ಲಿ ಕಪಿಲೆಯನ್ನು ಹೆಸರಿಸಿದ್ದಾನೆ.

ಮುಂದೆ ಬಾನಿ ಕಬ್ಬಿಣದ್ದಾಯಿತು. ಆದರೆ ಪ್ರತಿ ಸಾರಿಯೂ ಮಡಚಿ ಬಿಚ್ಚಬೇಕಾದ ಸೊಂಡಿಲು ತೊಗಲಿನದೇ ಉಳಿಯಿತು. ಚಕ್ಕಳವನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ತೆಗೆದು, ತಂಗಡಿ ತೊಗಟೆಯ ರಸದಲ್ಲಿ ಹದ ಮಾಡಿ, ಬಾರಿನಿಂದ ಹೊಲಿದು, ಎಣ್ಣೆ ಉಜ್ಜಿ ಮೆದು ಮಾಡಬೇಕು. ಇದಕ್ಕೆಲ್ಲ ಪ್ರತಿಫಲ ಸುಗ್ಗಿಯಲ್ಲಿ ಕಣದ ಬಳಿ ಅಳೆದು ಕೊಡುತ್ತಿದ್ದ ಆಯದ ಧಾನ್ಯ. ಹೊಲಿಗೆ ಬಿಟ್ಟರೆ ನೀರು ಸೋರುತ್ತದೆ, ಎತ್ತಿನ ದುಡಿಮೆ ಬಾವಿಗೇ ಹೋಗುತ್ತದೆ, ಪೈರು ಒಣಗುತ್ತದೆ. ರೈತನ ಅನ್ನ ಆ ಹೊಲಿಗೆಯ ಮೇಲೆ ನಿಂತಿತ್ತು.

ಇನ್ನು ಮುಂದಿನದು ಹೇಳಲು ಕಷ್ಟವಾದರೂ ಹೇಳಲೇಬೇಕಾದ ಮಾತು. ಮರುದಿನ ಬೆಳಿಗ್ಗೆ ನೋಡಿದರೆ ಗೂಡು ಬರಿದಾಗಿತ್ತು. ಸೊಂಡಿಲು ಕೊಟ್ಟಿಗೆ ಸೇರಿತ್ತು. ಕೇಳಿದರೆ, "ಬರೀ ಕಪಿಲೆ ತೊಗಲಂತಲ್ಲ ಸ್ವಾಮೀಜಿ, ಮನೆಯೊಳಗೆ ಯಾಕೆ ಅಂತ" ಎಂಬ ಉತ್ತರ. ಹಿಂದಿನ ದಿನ ಅದು ತೊಗಲಾಗಿರಲಿಲ್ಲವೇ? ಜಂಗಮರ ಚೀಲವೆಂದು ಹೂ ಏರಿಸಿದಾಗಲೂ ಅದೇ ಚಕ್ಕಳ, ಅದೇ ಬಾರು, ಅದೇ ಹೊಲಿಗೆ. ರಾತ್ರಿ ಕಳೆಯುವುದರೊಳಗೆ ಬದಲಾದದ್ದು ವಸ್ತುವಲ್ಲ. ಹೊಲಿದ ಕೈ ಯಾರದೆಂಬ ತಿಳಿವಳಿಕೆ ಮಾತ್ರ. ಆ ಸೊಂಡಿಲಿನಿಂದ ಸುರಿದ ನೀರಿನಲ್ಲಿ ರಾಗಿ ಬೆಳೆಯಿತು, ಲಿಂಗಪೂಜೆಯ ಹೂವೂ ಬೆಳೆಯಿತು. ಆಗ ಯಾರಿಗೂ ಮೈಲಿಗೆಯಾಗಲಿಲ್ಲ. ಸೊಂಡಿಲು ಹೊಲಿದವನಿಗೆ ಮಾತ್ರ ಎಷ್ಟೋ ಊರುಗಳಲ್ಲಿ ಬಾವಿಗೆ ಕೊಡ ಇಳಿಸುವ ಹಕ್ಕಿರಲಿಲ್ಲ. 1950ರ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಆದರೂ ಜಗಲಿಯ ಕೆಳಗೆ ನಿಲ್ಲುವುದನ್ನು ಆ ಹಿರಿಯರಿಗೆ ಕಲಿಸಿದವರು ನಾವೇ ಅಲ್ಲವೇ? ಆ ಮನೆಯ ಯಜಮಾನರು ಈ ಪ್ರಶ್ನೆಗೆ ಏನೂ ಹೇಳದೆ ತಲೆ ತಗ್ಗಿಸಿದರು.

ನಮ್ಮ ಹಿರಿಯರು ಯಾರೆಂಬುದನ್ನು ಒಮ್ಮೆ ನೆನೆಯೋಣ. ಕಲ್ಯಾಣದ ಹರಳಯ್ಯನವರು ತೊಗಲಿನ ಕಾಯಕದವರು. ಅವರ ಮಗನಿಗೆ ಮಧುವರಸರು ಮಗಳನ್ನು ಕೊಟ್ಟದ್ದಕ್ಕೆ ಇಬ್ಬರೂ ಪ್ರಾಣವನ್ನೇ ತೆತ್ತರು. ಬಸವಣ್ಣನವರು ಯಾರ ಮನೆಯ ಮಗನೆಂದು ಹೇಳಿಕೊಳ್ಳಲು ಹಾತೊರೆದರೋ ಆ ಮಾದಾರ ಚೆನ್ನಯ್ಯನವರಂತೂ ನಮ್ಮ ಗಡಿಯ ಭಕ್ತರಿಗೆ ಇನ್ನೂ ಹತ್ತಿರದವರು. ಚೋಳನಾಡಿನಲ್ಲಿ ಅರಸನ ಕುದುರೆಗಳಿಗೆ ಹುಲ್ಲು ತರುತ್ತಾ, ಗುಟ್ಟಾಗಿ ಶಿವನಿಗೆ ಅಂಬಲಿ ಉಣಿಸಿದವರೆಂದು ಶರಣರ ಕಥೆಗಳು ಹೇಳುತ್ತವೆ. ಅರಸನ ಮೃಷ್ಟಾನ್ನ ಬಿಟ್ಟು ಶಿವನು ಆ ಅಂಬಲಿಗೆ ಬಂದನಂತೆ. ತಮಿಳು ಸೀಮೆಯಲ್ಲಿ ಬಾಳಿ, ಕನ್ನಡದ ವಚನಕಾರರೆನಿಸಿದವರು ಅವರು. ಅವರ ವಚನಗಳ ಅಂಕಿತದಲ್ಲಿ ಕೈಯುಳಿಯೂ ಕತ್ತಿಯೂ ಬರುತ್ತವೆ. ದೇವರ ಹೆಸರಿನ ಪಕ್ಕದಲ್ಲಿ ಕಸುಬಿನ ಸಾಮಾನನ್ನು ಇಡಲು ಅವರಿಗೆ ನಾಚಿಕೆಯಾಗಲಿಲ್ಲ.

ಬೇರಿಕೆ, ಬಾಗಲೂರು, ಶೂಲಗಿರಿ ಕಡೆಯ ಭಕ್ತರಲ್ಲಿ ಒಂದು ಸೂಚನೆ. ಕಪಿಲೆಯ ಬಾನಿ, ರಾಟೆ, ಉರುಳೆ, ಮಿಣಿ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಗುಜರಿ ವ್ಯಾಪಾರದ ಬಂಧುಗಳೂ ಕೈಗೆ ಬಂದರೆ ಕರಗಿಸದೆ ಮಠಕ್ಕೆ ತಿಳಿಸಿ. ಯಾವ ಬಾವಿಯದು, ಹೊಲಿದ ಮನೆತನ ಯಾವುದು ಎಂದು ಊರಿನ ಹಿರಿಯರನ್ನು ಪಡಸಾಲೆಯಲ್ಲಿ ಕೂರಿಸಿ ಕೇಳಿ, ಚೀಟಿಯಲ್ಲಿ ಬರೆದು ಜೊತೆಗಿಡಿ. ಒಣಗಿದ ತೊಗಲನ್ನು ಬಲವಂತವಾಗಿ ಬಿಚ್ಚಿದರೆ ಸೀಳುತ್ತದೆ; ಬಿಸಿಲಿಗೂ ಇಡಬಾರದು.