ಹಿಮದ ಅಡವಿಯ ಬೇಟೆಯೂ ದಯೆಯ ವಿಚಾರವೂ

ಕೊಲ್ಲಬಾರದೆಂಬ ಉಪದೇಶವು ಶರಣರ ಮಾರ್ಗದಲ್ಲಿ ಹುಟ್ಟಿ ಬೆಳೆದವರಿಗೆ ಹೊಸದಲ್ಲ. ಮಗುವು ತಪ್ಪುಹೆಜ್ಜೆ ಇಡುವಾಗಲೇ ಇರುವೆಯ ಸಾಲನ್ನು ದಾಟಿ ನಡೆಯೆಂಬ ಮಾತನ್ನು ಅಜ್ಜಿಯ ಬಾಯಿಂದ ಕೇಳುತ್ತದೆ. ಆದರೆ ಕೊಲ್ಲದೆ ಇರುವದೊಂದರಿಂದಲೇ ದಯೆಯು ಪೂರ್ಣವಾಗುವದೋ ಎಂದು ಕೇಳಿಕೊಳ್ಳುವವರು ವಿರಳ. ಈ ಪ್ರಶ್ನೆಯು ಎಲ್ಲಿಯೂ ಇಲ್ಲದಷ್ಟು ತೀಕ್ಷ್ಣವಾಗಿ ಎದುರು ನಿಲ್ಲುವ ಒಂದು ಸ್ಥಳವುಂಟು. ಅದು ಅಮೆರಿಕೆಯ ಉತ್ತರಭಾಗದ ಅಡವಿ. ಕಾಲವು ಜಿಂಕೆಬೇಟೆಯ ಕಡೆಯ ದಿನಗಳು.

ವಿಸ್ಕಾನ್ಸಿನ್ ರಾಜ್ಯದಲ್ಲಿ ಬಂದೂಕಿನ ಮುಖ್ಯ ಬೇಟೆಯು ನವೆಂಬರ ತಿಂಗಳ ಕೊನೆಗೆ ಒಂಬತ್ತು ದಿನ ನಡೆಯುತ್ತದೆ. ಆಗ ಲಕ್ಷಗಟ್ಟಲೆ ಜನರು ಅಡವಿಯನ್ನು ಹೊಗುತ್ತಾರೆ. ಅದು ಮುಗಿದ ಬಳಿಕ ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ತರದ ಬಂದೂಕಿನವರಿಗೆ ಕೆಲವು ದಿನ, ಬಿಲ್ಲುಗಾರರಿಗೆ ಜನವರಿಯವರೆಗೂ ಅವಕಾಶವುಂಟು. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಹಬ್ಬದ ತರುವಾಯ ಚಕಮಕಿಕಲ್ಲಿನ ಬಂದೂಕಿನ ಬೇಟೆಯು 1974ರಿಂದ ನಡೆದುಬಂದಿದೆ. ಗದ್ದಲದ ಜನರು ಮನೆಗೆ ಮರಳಿರುತ್ತಾರೆ. ಹಿಮದ ಮೇಲಿನ ಹೆಜ್ಜೆಯ ಜಾಡು ಹಿಡಿದು ಒಬ್ಬನು ಮೌನವಾಗಿ ನಡೆಯುತ್ತಾನೆ. ಮತ್ತೊಬ್ಬನು ಮರದ ಅಟ್ಟಣಿಗೆಯಲ್ಲಿ ಮರಗಟ್ಟಿ ಕುಳಿತಿರುತ್ತಾನೆ. ನಾಲ್ಕಾರು ನೆರೆಯವರು ಸೇರಿ ಪೊದೆಗಳನ್ನು ಸೋವುತ್ತಾರೆ. ಅಲ್ಲಿಯ ಬಿಳಿಬಾಲದ ಜಿಂಕೆಗಳಾದರೋ ಗಾಳಿಯನ್ನು ತಡೆಯುವ ಸೀಡರ್ ಮರಗಳ ಅಡಿಯಲ್ಲಿ ಒತ್ತಾಗಿ ನಿಂತು, ಸ್ವಲ್ಪವೇ ತಿಂದು, ಶರತ್ಕಾಲದಲ್ಲಿ ಕೂಡಿಟ್ಟ ಕೊಬ್ಬಿನಿಂದ ದಿನ ಕಳೆಯುತ್ತವೆ. ಬೆದರಿ ಓಡಿದ ಒಂದೊಂದು ಓಟಕ್ಕೂ ಆ ಗಂಟಿನೊಳಗಿನ ಒಂದು ಪಾಲು ವೆಚ್ಚವಾಗುತ್ತದೆ.

ಇನ್ನೊಂದು ಸಂಗತಿಯನ್ನು ಮರೆಮಾಚಲಾಗದು. ಈ ಜಿಂಕೆಗಳು ಹೆಚ್ಚಾಗಿ ನವೆಂಬರದಲ್ಲಿ ಕೂಡುತ್ತವೆ. ಗರ್ಭವು ಸುಮಾರು 200 ದಿನಗಳದು. ಆದುದರಿಂದ ಜನವರಿಯಲ್ಲಿ ಬಿದ್ದ ಹೆಣ್ಣು ಜಿಂಕೆಯು ಬಹುಮಟ್ಟಿಗೆ ಬಸುರಿಯೇ. ಗಂಡುಗಳು ಕೊಂಬನ್ನು ಉದುರಿಸುವ ಕಾಲವೂ ಅದೇ ಆದ್ದರಿಂದ ಹೆಣ್ಣೆಂದು ಹೊಡೆದದ್ದು ಗಂಡಾಗಿರುವದೂ ಉಂಟು. ಇದನ್ನು ಕೇಳಿದ ಸದ್ಭಕ್ತನು ಕಿವಿ ಮುಚ್ಚಿಕೊಂಡು ಶಿವ ಶಿವಾ ಎಂದರೆ ಆಶ್ಚರ್ಯವಿಲ್ಲ.

ಆದರೆ ಕಿವಿ ಮುಚ್ಚಿದ ಮಾತ್ರಕ್ಕೆ ವಿಚಾರವು ಮುಗಿಯುವದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ದೇಶದಲ್ಲೆಲ್ಲ ಬಿಳಿಬಾಲದ ಜಿಂಕೆಗಳು ಅಂದಾಜು 5 ಲಕ್ಷಕ್ಕೂ ಮೀರಿರಲಿಲ್ಲ. ಮಾಂಸದ ವ್ಯಾಪಾರಕ್ಕೆ ಕಡಿವಾಣ ಬಿದ್ದು ಬೇಟೆಗೆ ನಿಯಮಗಳು ಬಂದ ಮೇಲೆ ಅವು ಹೆಚ್ಚುತ್ತ ಹೋಗಿ ಇಂದು ಸುಮಾರು 3 ಕೋಟಿಯೆಂದು ಎಣಿಸಲಾಗಿದೆ. ಏತನ್ಮಧ್ಯೆ ಅವನ್ನು ತಿನ್ನುತ್ತಿದ್ದ ತೋಳಗಳನ್ನು ಮನುಷ್ಯನು ಹೆಚ್ಚಿನ ರಾಜ್ಯಗಳಲ್ಲಿ ನಿರ್ಮೂಲ ಮಾಡಿದ್ದನು. ಜಿಂಕೆ ಮಿತಿಮೀರಿದ ಕಾಡಿನಲ್ಲಿ ಎಳೆಯ ಸಸಿ ಮೇಲೇಳುವದಿಲ್ಲ. ನೆಲದ ಹೂಗಿಡಗಳು ಮಾಯವಾಗುತ್ತವೆ. ಕಡೆಗೆ ಜಿಂಕೆಯೇ ಹಸಿವಿನಿಂದ ಸಾಯುತ್ತದೆ. ಅರಿಝೋನಾದ ಕೈಬಾಬ್ ಪ್ರಸ್ಥಭೂಮಿಯನ್ನು 1906ರಲ್ಲಿ ಮೃಗಗಳ ಆಶ್ರಯವೆಂದು ಸಾರಿ, ಜಿಂಕೆಯ ಬೇಟೆಯನ್ನು ನಿಲ್ಲಿಸಿ, ಪೂಮಾ ತೋಳಗಳನ್ನು ಕೊಲ್ಲಿಸಿದರು. 1920ರ ದಶಕದ ಚಳಿಗಾಲಗಳಲ್ಲಿ ಅಲ್ಲಿಯ ಜಿಂಕೆಗಳು ಗುಂಪುಗುಂಪಾಗಿ ಉಪವಾಸ ಸತ್ತವು. ಎಷ್ಟೆಂಬುದರಲ್ಲಿ ವಿದ್ವಾಂಸರಿಗೆ ವಿವಾದವುಂಟು, ಸತ್ತವೆಂಬುದರಲ್ಲಿ ಇಲ್ಲ. ಕರುಣೆಯ ಹೆಸರಿನಲ್ಲಿ ಮಾಡಿದ ಕಾರ್ಯವೇ ಹಸಿವೆಯ ಸಾವನ್ನು ತಂದಿತು.

ಆಲ್ಡೊ ಲಿಯೋಪೋಲ್ಡ್ ಎಂಬ ಅರಣ್ಯಶಾಸ್ತ್ರಜ್ಞರ ಜೀವನವು ಇಲ್ಲಿ ಸ್ಮರಣೀಯವಾಗಿದೆ. ತೋಳ ಕಡಿಮೆಯಾದಷ್ಟೂ ಜಿಂಕೆ ಹೆಚ್ಚೀತೆಂದು ತಾರುಣ್ಯದಲ್ಲಿ ನಂಬಿದ್ದ ಅವರು ಒಂದು ಹೆಣ್ಣು ತೋಳವನ್ನು ಹೊಡೆದು, ಅದರ ಕಣ್ಣಿನ ಬೆಳಕು ಆರುವದನ್ನು ಬಳಿಯಲ್ಲಿ ನಿಂತು ಕಂಡರು. ತಮ್ಮ ನಂಬಿಕೆ ತಪ್ಪೆಂಬುದನ್ನು ಬಹುಕಾಲದ ಮೇಲೆ ಬರೆದು ಒಪ್ಪಿಕೊಂಡರು. ಅವರು 1948ರಲ್ಲಿ ತೀರಿಕೊಂಡ ಮರುವರ್ಷ ಆ ಗ್ರಂಥವು ಪ್ರಕಟವಾಯಿತು. ಅವರೇ 1943ರಲ್ಲಿ ವಿಸ್ಕಾನ್ಸಿನ್ನಿನಲ್ಲಿ ಹೆಣ್ಣು ಜಿಂಕೆಗಳನ್ನೂ ಬೇಟೆಯಾಡಬೇಕೆಂದು ವಾದಿಸಿ ಜನರ ನಿಂದೆಗೆ ಗುರಿಯಾದರು. ನಿಂದಿಸಿದವರು ನಿರ್ದಯರಲ್ಲ, ಅವರು ಕಣ್ಣೆದುರಿನ ಜಿಂಕೆಯನ್ನು ಕಂಡರು. ಲಿಯೋಪೋಲ್ಡರು ಬರಲಿರುವ ಚಳಿಗಾಲದ ಜಿಂಕೆಯನ್ನು ಕಂಡರು.

ಹಾಗಾದರೆ ಬೇಟೆಯೇ ದಯೆಯೆನ್ನೋಣವೇ? ಇಷ್ಟು ಸುಲಭವಾಗಿ ಅನ್ನಲಾಗದು. ತೋಳದ ಕೆಲಸವನ್ನು ತಾನು ಮಾಡುತ್ತಿರುವೆನೆಂದು ಬೇಟೆಗಾರನು ಹೇಳುವಾಗ, ಆ ತೋಳವನ್ನು ಕೊಂದವರು ಯಾರೆಂದು ಕೇಳಲು ನ್ಯಾಯವುಂಟು. ತಾನೇ ಮಾಡಿಕೊಂಡ ಸಾಲವನ್ನು ತೀರಿಸುವವನು ದಾನಿಯೆನಿಸಿಕೊಳ್ಳುವದಿಲ್ಲ. ಮೇಲಾಗಿ, ಜಿಂಕೆಯ ಸಾವು ಅವಶ್ಯವೆಂದು ಒಪ್ಪಿದರೂ ಸಾವಿನಲ್ಲಿ ವಿನೋದವು ಅವಶ್ಯವೆಂದು ಅದರಿಂದ ಸಿದ್ಧವಾಗುವದಿಲ್ಲ. ಕಡೆಯ ದಿನಗಳ ಬೇಟೆಯಲ್ಲಿ ಮೆರೆಯಿಸಲು ದೊಡ್ಡ ಕೊಂಬು ಸಿಗುವದು ಅಪರೂಪ. ಮನೆಯ ಚಳಿಗಾಲದ ಊಟಕ್ಕೆಂದೋ, ಮಾಂಸವನ್ನು ಬಡವರ ಅನ್ನಸತ್ರಕ್ಕೆ ಕೊಡಲೆಂದೋ ಹೋದವನ ಮನಸ್ಸು ಬೇರೆ. ಕೊಂಡ ಪರವಾನಗಿಯ ಚೀಟಿ ಬರಿದೇ ಉಳಿಯಿತಲ್ಲಾ ಎಂದು ಹೋದವನ ಮನಸ್ಸು ಬೇರೆ. ಹಿಮವು ಇಬ್ಬರ ಹೆಜ್ಜೆಯನ್ನೂ ಒಂದೇ ಬಗೆಯಾಗಿ ತೋರಿಸುತ್ತದೆ. ಗಾಯಗೊಂಡ ಪ್ರಾಣಿಯ ಜಾಡನ್ನು ಕತ್ತಲಾಯಿತೆಂದು ಬಿಟ್ಟು ಬರುವವನಾದರೋ ಯಾವ ವಾದದಿಂದಲೂ ಉಳಿಯಲಾರನು.

ಅಲ್ಲಿ ಇನ್ನೊಂದು ರೂಢಿಯುಂಟು. ಹಸಿದ ಜಿಂಕೆ ಬರಲೆಂದು ಟರ್ನಿಪ್ ಗಡ್ಡೆಯನ್ನೋ ಗೋವಿನಜೋಳವನ್ನೋ ಬೆಳೆದು ಅದರ ಅಂಚಿನಲ್ಲಿ ಅಡಗಿ ಕೂಡುವದು. ಬಲಿಗೆಂದು ತಂದ ಕುರಿಯು ತನ್ನ ಗತಿಯನ್ನರಿಯದೆ ಹಬ್ಬದ ಹಸಿರೆಲೆಗೆ ಬಾಯಿ ಹಾಕಿದುದಕ್ಕೆ ಬಸವಣ್ಣನವರು ಮರುಗಿದುದನ್ನು ವಚನಾಭ್ಯಾಸಿಗಳು ಬಲ್ಲರು. ಆ ಮರುಕಕ್ಕೆ ಈ ಹೊಲದ ಅಂಚು ದೂರವಲ್ಲ. ಅನ್ನವನ್ನು ತೋರಿಸಿ ಪ್ರಾಣವನ್ನು ಕೊಳ್ಳುವದು ದಾಸೋಹಕ್ಕೆ ನೇರವಾದ ವೈರಿ. ಕೆಲವರು ಬೇಟೆಯ ಸಮರ್ಥನೆಗೆ ಬೇಡರ ಕಣ್ಣಪ್ಪನನ್ನು ಕರೆತರುವದುಂಟು. ಆದರೆ ಪುರಾತನರಲ್ಲಿ ಅವನಿಗೆ ಸ್ಥಾನ ದೊರೆತದ್ದು ಮೃಗವನ್ನು ಕೊಂದುದಕ್ಕಲ್ಲ, ತನ್ನ ಕಣ್ಣನ್ನು ಕಿತ್ತು ಕೊಟ್ಟುದಕ್ಕೆ.

ಇದೆಲ್ಲ ಪರದೇಶದ ಮಾತೆಂದು ಗೃಹಸ್ಥನು ನಿಶ್ಚಿಂತನಾಗುವಂತಿಲ್ಲ. ನಮ್ಮ ನಾಡಿನಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೃಷ್ಣಮೃಗದ ಬೇಟೆಯನ್ನು ನಿಲ್ಲಿಸಿತು; 1974ರಲ್ಲಿ ರಾಣಿಬೆನ್ನೂರಿನ ಬಳಿ ಅವಕ್ಕೆ ಅಭಯಾರಣ್ಯವಾಯಿತು. ಅದು ಸ್ತುತ್ಯವಾದ ಕಾರ್ಯ. ಬಯಲುಸೀಮೆಯ ತೋಳವು ಮಾತ್ರ ಇಲ್ಲಿಯೂ ಅಪರೂಪವಾಗಿದೆ. ಜಿಂಕೆಯ ಹಿಂಡು ಹೊಲಕ್ಕೆ ಇಳಿದಾಗ ರೈತನು ಬಂದೂಕು ಹಿಡಿಯುವದಿಲ್ಲ. ಡಬ್ಬಿ ಬಡಿಯುತ್ತಾನೆ, ಕೂಗುತ್ತಾನೆ, ರಾತ್ರಿಯೆಲ್ಲ ಮಂಚಿಕೆಯ ಮೇಲೆ ಎಚ್ಚರವಿರುತ್ತಾನೆ. ಪೇಟೆಯಲ್ಲಿ ಆ ಹೊಲದ ಜೋಳದ ರೊಟ್ಟಿಯನ್ನುಂಡು ಅಹಿಂಸೆಯನ್ನು ಕೊಂಡಾಡುವವನ ದಯೆಗೆ ಬೆಲೆ ತೆರುವವನು ಆ ರೈತನೇ. ಅವನ ನಷ್ಟದಲ್ಲಿ ತನ್ನದೂ ಒಂದು ಪಾಲೆಂದು ಎಷ್ಟು ಜನ ಭಕ್ತರು ಎಣಿಸಿದ್ದಾರೆ? ಬೆಳಗಾದ ಮೇಲೆ ಅವನು ಮಂಚಿಕೆಯಿಂದಿಳಿದು, ಮುರಿದು ಬಿದ್ದ ದಂಟುಗಳನ್ನು ಆಯ್ದು ಕಟ್ಟಿ, ಎತ್ತುಗಳ ಮುಂದೆ ಹಾಕುತ್ತಾನೆ.