ಎಡಗಡೆಯ ಸೀಟಿಗೆ ಯಾವಾಗ?

ಸತ್ಯವೇದ ಇದ್ದವರು 1 ಸಮುವೇಲ 25 ತೆಗೀರಿ.

ನಮ್ಮ ಭಾಗದ ಒಬ್ಬ ತಮ್ಮ ವಿಮಾನದಲ್ಲಿ ಫಸ್ಟ್ ಆಫೀಸರ್. ಪ್ರಾರ್ಥನೆಗೆ ಫೋನ್ ಮಾಡಿ ಕೇಳಿದ: "ಪಾಸ್ಟರ್, ಕ್ಯಾಪ್ಟನ್ ಅಪ್‌ಗ್ರೇಡ್‌ಗೆ ಈಗ ಹೆಸರು ಕೊಡಲೋ, ಇನ್ನೊಂದು ವರ್ಷ ಕಾಯಲೋ?" ಲೆಕ್ಕ ಎಲ್ಲಾ ಅವನ ಹತ್ತಿರ ಇತ್ತು. ಎಟಿಪಿಎಲ್ ಲೈಸೆನ್ಸಿಗೆ ಬೇಕಾದ 1500 ಗಂಟೆ ಮುಗಿದಿದೆ. ಸಂಬಳ ಏರ್ತದೆ, ಟ್ರೈನಿಂಗ್ ಸಾಲ ಬೇಗ ತೀರ್ತದೆ. ಆದ್ರೆ ಕ್ಯಾಪ್ಟನ್‌ಗಳ ಸೀನಿಯಾರಿಟಿ ಪಟ್ಟಿಯಲ್ಲಿ ಕೊನೆಯವನಾಗಬೇಕು, ಬೇರೆ ಊರಿಗೆ ಹೋಗಬೇಕಾಗಬಹುದು, ಭಾನುವಾರ ರಜೆ ಸಿಗೋದು ಕಷ್ಟ.

ಲೆಕ್ಕ ಹಾಕೋದು ತಪ್ಪಲ್ಲ. ಆದ್ರೆ ಇನ್ನೊಂದು ಪ್ರಶ್ನೆ ಇದೆ. 2010ರ ಮೇ 22, ಮಂಗಳೂರು. ದುಬೈನಿಂದ ಬಂದ ವಿಮಾನ ಹೆಚ್ಚು ಎತ್ತರದಲ್ಲೇ ಬಂದು, ರನ್‌ವೇ ಅರ್ಧಕ್ಕಿಂತ ಹೆಚ್ಚು ದಾಟಿದ ಮೇಲೆ ನೆಲ ಮುಟ್ಟಿತು. 158 ಜನ ತೀರಿಕೊಂಡರು, 8 ಜನ ಉಳಿದರು. ಫಸ್ಟ್ ಆಫೀಸರ್ ಮೂರು ಸಲ 'ಗೋ ಅರೌಂಡ್' ಅಂದಿದ್ದರು, ಅಂದ್ರೆ ಇಳಿಯೋದು ಬೇಡ, ಮತ್ತೆ ಮೇಲೇರಿ ಸುತ್ತಿ ಬರೋಣ ಅಂತ. ಆದರೂ ಕ್ಯಾಪ್ಟನ್ ಇಳಿಯೋದನ್ನು ಬಿಡಲಿಲ್ಲ ಎಂದು ತನಿಖಾ ವರದಿ ಹೇಳ್ತದೆ. ತೀರಿಹೋದವರನ್ನು ದೂರೋದಕ್ಕೆ ಇದನ್ನು ಹೇಳ್ತಿಲ್ಲ. ಆ ಕ್ಯಾಪ್ಟನ್‌ಗೆ ಹಾರಾಟದ ಗಂಟೆಗಳೇನೂ ಕಡಿಮೆ ಇರಲಿಲ್ಲ. ನಮಗೆ ಪಾಠ ಇರೋದು ಅಲ್ಲೇ.

ಈಗ ದಾವೀದನನ್ನು ನೋಡ್ರಿ. ಅಭಿಷೇಕ ಆಗಿದೆ, ಸಿಂಹಾಸನ ಇನ್ನೂ ಸಿಕ್ಕಿಲ್ಲ. ನಾಬಾಲನ ಮಾತಿಗೆ ಸಿಟ್ಟೇರಿ, ಸೊಂಟಕ್ಕೆ ಕತ್ತಿ ಕಟ್ಟಿ, 400 ಜನರನ್ನು ಕರ್ಕೊಂಡು ಹೊರಟಿದ್ದಾನೆ. ದಾರಿಯಲ್ಲಿ ಅಬೀಗೈಲ್ ಕತ್ತೆಯಿಂದಿಳಿದು ಅಡ್ಡ ನಿಂತಳು. ಬೇಡ, ತಿರುಗಿ ಹೋಗು ಅಂದಳು. ಅಷ್ಟು ಜನರ ಮುಂದೆ ದಾವೀದ ತಿರುಗಿದ! ಅವಳನ್ನು ಕಳಿಸಿದ ದೇವರನ್ನು ಕೊಂಡಾಡಿದ. ಹಲ್ಲೆಲೂಯ! ಗೊಲ್ಯಾತನನ್ನು ಕೊಂದದ್ದು ಅವನ ಧೈರ್ಯ. ರಾಜನಾಗೋಕೆ ತಯಾರಾಗಿದ್ದಾನೆ ಅಂತ ತೋರಿಸಿದ್ದು ಈ ತಿರುಗುವಿಕೆ.

ತಮ್ಮಾ, ನಿನ್ನ ಪರೀಕ್ಷೆ ಇದೇ. ಪ್ರಯಾಣಿಕರಿಗೆ ಅವಸರ, ಇಂಧನದ ಖರ್ಚು, ಆಗಲೇ ಲೇಟಾಗಿದೆ. ಪಕ್ಕದಲ್ಲಿ ನಿನಗಿಂತ ಚಿಕ್ಕವನು 'ಗೋ ಅರೌಂಡ್' ಅಂತಾನೆ. ಅವಮಾನ ಅನ್ನಿಸದೆ ಮೇಲೇಳ್ತೀಯಾ? ಹಾಗಿದ್ರೆ ಹೆಸರು ಕೊಡು. ಸಿಟ್ಟು ಬರ್ತದೆ ಅಂದ್ರೆ ಇನ್ನೂ ಸ್ವಲ್ಪ ಬಲಗಡೆ ಕೂತು ಕಲಿ. ಆದ್ರೆ ಬರೀ ಹೆದರಿಕೆಯಿಂದ ಕಾಯ್ತಾ ಅದಕ್ಕೆ ದೀನತೆ ಅಂತ ಹೆಸರಿಡಬೇಡ. ನಿನಗೆ ಕಲಿಸಿದವರು 'ನೀ ತಯಾರಿದ್ದೀ' ಅಂದ್ರೆ ಆ ಮಾತನ್ನೂ ಕೇಳಬೇಕು.

ಬೆಂಗಳೂರಲ್ಲಿ, ಪುಣೆಯಲ್ಲಿ ಟೀಮ್ ಲೀಡರ್ ಆಗೋಕೆ ಕಾಯ್ತಿರುವ ಮಕ್ಕಳೇ, ಇದು ನಿಮಗೂ ಹೌದು. ಈ ವಾರ ನಿಮ್ಮ ಕೈಕೆಳಗಿನವರೊಬ್ಬರನ್ನು ಕೇಳ್ರಿ: "ನಾ ತಪ್ಪಿದ್ರೆ ನನಗೆ ಹೇಳೋ ಧೈರ್ಯ ನಿನಗದೆಯಾ?" ಅವರು ಸುಮ್ಮನಾದ್ರೆ ಅದೇ ಉತ್ತರ.

ಕರ್ತನೇ, ನಮ್ಮನ್ನು ಎತ್ತುವ ಮುಂಚೆ ತಿರುಗುವುದನ್ನು ಕಲಿಸು. ನಮ್ಮ ದಾರಿಗೆ ಅಬೀಗೈಲರನ್ನು ಕಳಿಸು. ಯೇಸುವಿನ ನಾಮದಲ್ಲಿ, ಆಮೆನ್.